ನನ್ನ ತವರಿಗೆ ಅವರು ಹೋದ ಭಾನುವಾರ

ಹೊಳಲಿನ ನಮ್ಮ ಮನೆಯ ಜಗಲಿಯ ಮೇಲೆ ಸಂಜೆ ಹೊತ್ತು ನಾಲ್ಕು ಜನ ಗಂಡಸರು ಕೂರುತ್ತಿದ್ದರು. ಯುದ್ಧದ ಕಾಲ ಅದು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಟ್ಟೆ ಸಿಗುತ್ತಿರಲಿಲ್ಲ, ಮಾತಿಗೆ ಮಾತ್ರ ಬರ ಇರಲಿಲ್ಲ. ಜರ್ಮನಿಯವರನ್ನು ಎಲ್ಲಿ ತಡೆಯಬೇಕು, ಜಪಾನಿನವರು ಯಾವ ಕಡೆಯಿಂದ ಬರುತ್ತಾರೆ ಎಂಬುದನ್ನೆಲ್ಲ ಅವರು ಕಡಲೆಕಾಯಿ ಸುಲಿಯುತ್ತ ತೀರ್ಮಾನ ಮಾಡುತ್ತಿದ್ದರು. ಸಿಪ್ಪೆ ಗುಡಿಸುವ ಕೆಲಸ ನನ್ನದು. ಒಂದು ಮಾಗಿಯಲ್ಲಿ ಯುದ್ಧದ ಮಾತು ಅವರಿಗೇ ಬೇಸರವಾಗಿ ಬೇರೊಂದು ವಿಷಯ ಹಿಡಿದರು. ಶನಿವಾರ ಮಧ್ಯಾಹ್ನ ಹೊರಟು, ಭಾನುವಾರವೆಲ್ಲ ಇದ್ದು, ಸೋಮವಾರ ಕೆಲಸಕ್ಕೆ ಸೇರಿಕೊಳ್ಳುವ ಹಾಗೆ ಎಲ್ಲಾದರೂ ಹೋಗಿ ನೆಮ್ಮದಿಯಾಗಿ ಒಳ್ಳೆಯ ಹೆಂಡ ಕುಡಿದು ಬರಬೇಕು. ಆ ‘ಎಲ್ಲಾದರೂ’ ಎನ್ನುವುದು ಸುತ್ತಿ ಸುತ್ತಿ ಕೊನೆಗೆ ನನ್ನ ತವರೂರಿಗೆ ಬಂದು ನಿಂತಿತು.

ನನ್ನ ಗಂಡ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳನ್ನು ತೂಗಿಸುವ ಗುಮಾಸ್ತರು. ಕೋಟು, ಕರಿ ಟೋಪಿ, ಒಂದು ಸೈಕಲ್ಲು. ಊರಲ್ಲಿ ಅವರಿಗೆ ಗುಮಾಸ್ತರು ಎಂದೇ ಹೆಸರು, ಅವರ ತಾಯಿಯೂ ಹೊರಗಿನವರ ಮುಂದೆ ಮಗನನ್ನು ಹಾಗೆಯೇ ಕರೆಯುತ್ತಿದ್ದರು. ಎರಡನೆಯವರು ಊರಿನ ಶಾಲೆಯ ಮೇಷ್ಟ್ರು. ಖಾದಿ ಉಡುವವರು, ಹಿಂದೊಮ್ಮೆ ಹೆಂಡದಂಗಡಿಯ ಮುಂದೆ ನಿಂತು ಕುಡಿಯಬೇಡಿ ಎಂದು ಜನಕ್ಕೆ ಕೈಮುಗಿದವರು. ಮೂರನೆಯವರು ಕಾರ್ಖಾನೆಯ ಇನ್ನೊಬ್ಬ ಗುಮಾಸ್ತರು, ಯಾರು ಏನು ಹೇಳಿದರೂ ಹೂಂಗುಟ್ಟುವುದು ಅವರ ಸ್ವಭಾವ. ನಾಲ್ಕನೆಯವರು ಬಸ್ಸಿನ ಸಾಯಬರು. ಪೆಟ್ರೋಲು ಸಿಗದ ಆ ಕಾಲದಲ್ಲಿ ಮದ್ದೂರು ಮಳವಳ್ಳಿ ನಡುವೆ ಇದ್ದಿಲ ಗ್ಯಾಸಿನ ಬಸ್ಸು ಓಡಿಸುತ್ತಿದ್ದರು, ಕೆಟ್ಟರೆ ತಾವೇ ಬಿಚ್ಚಿ ರಿಪೇರಿ ಮಾಡುತ್ತಿದ್ದರು. ನನ್ನ ಗಂಡನೂ ಅವರೂ ಒಂದೇ ಶಾಲೆಯಲ್ಲಿ ಓದಿದವರು. ಸಾಯಬರು ಹೆಂಡ ಮುಟ್ಟುವವರಲ್ಲ, ಬಾಡೂಟದ ಮಾತು ಬಂದಾಗ ಮಾತ್ರ ಕಾಲು ಮಡಚಿ ಮುಂದಕ್ಕೆ ಸರಿದು ಕೂರುತ್ತಿದ್ದರು.

ಮಂಡ್ಯದಲ್ಲಿ ಹೆಂಡದಂಗಡಿ ಇರಲಿಲ್ಲವೆಂದಲ್ಲ. ಅಲ್ಲಿಗೆ ಹೋದರೆ ಗಾಡಿ ಹೊಡೆಯುವವರ ಪಕ್ಕ ಕುಕ್ಕರುಗಾಲಲ್ಲಿ ಕೂರಬೇಕು, ಮಾರನೆಯ ದಿನ ಅದೇ ಗಾಡಿಯವನು ತೂಕದ ಮುಂದೆ ನಿಂತು ಗುಮಾಸ್ತರನ್ನು ನೋಡಿ ಹಲ್ಲು ಕಿರಿಯುತ್ತಾನೆ. ಮೇಷ್ಟ್ರ ಕಷ್ಟ ಇನ್ನೂ ದೊಡ್ಡದು, ಮುಗಿದ ಕೈಯಲ್ಲೇ ಹೆಂಡದ ಮೊಗೆ ಹಿಡಿಯಬೇಕು. ಆದ್ದರಿಂದ ಯಾರೂ ನೋಡದ ಜಾಗ ಬೇಕು. ಮರ್ಯಾದಸ್ಥರ ತೊಂದರೆಗಳೇ ಬೇರೆ.

ಆ ಮಾಗಿಯ ಉದ್ದಕ್ಕೂ ಅವರ ಮಾತು ಕೇಳಬೇಕಿತ್ತು. ನಾನು ಒಳಗೆ ರಾಗಿ ಬೀಸುತ್ತ ಎಲ್ಲವನ್ನೂ ಕೇಳುತ್ತಿದ್ದೆ.

“ವೈದ್ಯನಾಥಪುರದ ಒಳೆ ದಂಡೆ ಚೆನ್ನಾಗದೆ,” ಎಂದರು ಒಂದು ಸಂಜೆ ಇನ್ನೊಬ್ಬ ಗುಮಾಸ್ತರು.

“ಅಲ್ಲಿ ದೇವಸ್ಥಾನಕ್ಕೆ ಬರೋರೆಲ್ಲ ನಮ್ಮೋರೇ ಕಣಯ್ಯ. ಮೈಯೆಲ್ಲ ಕಣ್ಣು,” ಎಂದರು ಮೇಷ್ಟ್ರು. “ಅಲ್ದೆ ಅದು ಎರೆ ನೆಲ. ಎರೆ ನೆಲದ ಮರದ್ದು ದಪ್ಪ, ತಲೆ ಇಡ್ಕತದೆ. ಮರಳು ನೆಲದ್ದು ಬೇಕು. ತೆಳ್ಳಗೆ, ಸೀಯಾಗಿರ್ತದೆ.”

ಖಾದಿ ಉಟ್ಟವರಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ಅಲ್ಲಿ ಯಾರೂ ಕೇಳಲಿಲ್ಲ.

“ಸೀ ಬೇಕಾದ್ರೆ ಬೆಳಗಿನ ಜಾವ ಇಳಿಸಿದ್ದೇ ಕುಡೀಬೇಕು,” ಎಂದರು ನನ್ನ ಗಂಡ. “ಸಂಜೆ ಮಡಕೆ ಕಟ್ಟಿರ್ತರೆ. ಬಿಸ್ಲು ಬೀಳೋಕ್ ಮುಂಚೆ ಇಳೀಬೇಕು. ಬಿಸ್ಲು ಬಿತ್ತಾ, ಉಳಿ ಬತ್ತದೆ. ಅದ್ಕೆ ಹಿಂದ್ಲ ದಿನಾನೇ ಓಗಿ ಅಲ್ಲೇ ಮನಗಿರ್ಬೇಕು. ನಮ್ಮ ಮಾವನ ಅಟ್ಟಿ ಹಿಂದೇನೇ ತೋಪು. ತೊರೆ ದಂಡೆ, ಬರೀ ಮರಳು. ಒಂದು ನರಪಿಳ್ಳೆ ಬರಕಿಲ್ಲ ಅತ್ತಕಡೆ. ಬಂಡೂರು ಪಕ್ಕದಲ್ಲೇ ಅದೆ.”

ಬಂಡೂರು ಎಂದ ಕೂಡಲೇ ಸಾಯಬರು ಮುಂದಕ್ಕೆ ಸರಿದದ್ದು ನನಗೆ ಒಳಗಿಂದಲೇ ತಿಳಿಯಿತು. ಬಂಡೂರು ಕುರಿಯ ಬಾಡು ತಿಂದವರು ಬೇರೆ ಬಾಡು ಮುಟ್ಟುವುದಿಲ್ಲ ಎಂದು ಅವರು ಶುರುಮಾಡಿದರು. ನನ್ನ ಬೀಸುವ ಕೈ ನಿಂತಿತು. ನನ್ನ ಅಪ್ಪನ ಮನೆಯ ಹಿತ್ತಿಲು, ನಾನು ಚಿಕ್ಕಂದಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದ ತೊರೆ, ಈಚಲು ಹಣ್ಣು ಆಯುತ್ತಿದ್ದ ತೋಪು, ಎಲ್ಲವನ್ನೂ ಇವರು ಜಗಲಿಯ ಮೇಲೆ ಹರಡಿಕೊಂಡು ಹಂಚಿಕೊಳ್ಳುತ್ತಿದ್ದರು. ಸಿಟ್ಟು ಬಂತು. ಆದರೆ ಆ ಸಿಟ್ಟಿನ ಬೆನ್ನಲ್ಲೇ ಇನ್ನೊಂದು ಯೋಚನೆ ಬಂತು. ಇವರು ಹೋಗುವುದಾದರೆ ನಾನೂ ಹೋಗಬಹುದಲ್ಲ.

ನಾನು ಅವ್ವನ ಮುಖ ನೋಡಿ ಮೂರನೆಯ ವರ್ಷ ನಡೆಯುತ್ತಿತ್ತು. ಹೊಳಲಿಗೂ ನನ್ನ ತವರಿಗೂ ಸಮುದ್ರವೇನೂ ಅಡ್ಡ ಇರಲಿಲ್ಲ. ಅಡ್ಡ ಇದ್ದದ್ದು ಒಂದು ಪದ್ಧತಿ. ನಮ್ಮ ಕಡೆ ಕೊಟ್ಟ ಹೆಣ್ಣು ತವರಿಗೆ ತಾನಾಗಿ ಹೋಗುವಂತಿಲ್ಲ. ತವರಿನವರು ಬಂದು ಕರೆಯಬೇಕು. ಅಪ್ಪನೋ ಅಣ್ಣತಮ್ಮಂದಿರೋ ಚಿಕ್ಕಪ್ಪನೋ, ಮನೆಯ ಗಂಡಸು ಹೂವು, ಕೊಬ್ಬರಿ, ಕಜ್ಜಾಯ ತಂದು ಅತ್ತೆಯ ಮುಂದೆ ಇಟ್ಟು, ನಮ್ಮ ಮಗಳನ್ನು ಕಳುಹಿಸಿಕೊಡಿ ಎಂದು ಕೇಳಬೇಕು. ಕರೆಯದೆ ಹೋದವಳು ಗಂಡನ ಮನೆ ಬಿಟ್ಟು ಹೋದವಳು ಎಂದೇ ಲೆಕ್ಕ. ಮದುವೆಯಾದ ವರ್ಷ ದೀಪಾವಳಿಗೆ ಅಪ್ಪ ಬಂದು ಕರೆದುಕೊಂಡು ಹೋಗಿದ್ದ. ಆಮೇಲೆ ಅವನ ಗಾಡಿ ಮಗುಚಿ ಸೊಂಟ ಮುರಿಯಿತು, ಮಂಚ ಹಿಡಿದ. ನನಗೆ ಅಣ್ಣತಮ್ಮಂದಿರಿಲ್ಲ. ಚಿಕ್ಕಪ್ಪ ಒಬ್ಬ ಇದ್ದಾನೆ, ಭಾಗ ಆದ ಮೇಲೆ ನಮ್ಮ ಮನೆಯ ನೀರು ಮುಟ್ಟುತ್ತಿರಲಿಲ್ಲ. ಮಂಚದ ಮೇಲಿನ ಗಂಡನನ್ನು ಬಿಟ್ಟು ಅವ್ವ ಬರುವಂತಿಲ್ಲ, ಬಂದರೂ ಹೆಂಗಸು ಬಂದು ಕರೆಯುವ ಪದ್ಧತಿಯಿಲ್ಲ. ಹೀಗೆ ನಾನು ಯಾರೂ ಕರೆಯದ ಮಗಳಾಗಿ ಹೊಳಲಿನಲ್ಲಿ ಉಳಿದುಬಿಟ್ಟೆ.

ಅದರ ಹಿಂದಿನ ಮುಂಗಾರಿನಲ್ಲಿ ನನಗೆ ನಾಲ್ಕು ತಿಂಗಳ ಬಸಿರು ಹೋಗಿಬಿಟ್ಟಿತ್ತು. ತವರಿಗೆ ಹೇಳಿ ಕಳುಹಿಸುತ್ತೇನೆ ಎಂದರೆ ಅತ್ತೆ ಒಪ್ಪಲಿಲ್ಲ. “ಬಸ್ರಿ ಅಂತ್ಲೇ ಯೋಳಿರ್ಲಿಲ್ಲ. ಈಗ ಓಯ್ತು ಅಂತ ಯಾಕ್ ಯೋಳ್ಬೇಕು? ಮನಗು ಸುಮ್ಕೆ,” ಎಂದರು. ನಾನು ಸುಮ್ಮನೆ ಮಲಗಿದೆ. ಎದ್ದ ಮೇಲೂ ಸುಮ್ಮನೇ ಇದ್ದೆ. ಆದರೆ ಅವ್ವನಿಗೆ ಹೇಳಬೇಕು, ಅವಳೊಬ್ಬಳಿಗೆ ಹೇಳಿದರೆ ಸಾಕು ಎಂದು ಒಳಗೆ ಒಂದೇ ಸಮನೆ ಕೊರೆಯುತ್ತಿತ್ತು. ಬೇರೆ ಯಾರೂ ನನಗೆ ಬೇಕಿರಲಿಲ್ಲ.

ಜಗಲಿಯ ಮಾತು ಗಟ್ಟಿಯಾಗುತ್ತ ಬಂದ ಮೇಲೆ ಒಂದು ದಿನ ಊಟಕ್ಕೆ ಬಡಿಸುತ್ತ ನನ್ನ ಗಂಡನನ್ನು ಕೇಳಿದೆ.

“ನಾನೂ ಬತ್ತೀನಿ ನಿಮ್ ಜೊತೇಲಿ.”

ಅವರು ಮುದ್ದೆ ಮುರಿಯುತ್ತ ಸ್ವಲ್ಪ ಯೋಚನೆ ಮಾಡಿದರು. “ಬಾ. ಅಡಿಗೆಗೆ ನಿಮ್ಮವ್ವಂಗೂ ಒಂದಾಳು ಆಯ್ತದಲ್ಲ,” ಎಂದರು.

ಒಂದಾಳು. ಆಗಲಿ, ನನಗೇನು. ಅವರು ಕೊಟ್ಟಿಗೆ ಗುಡಿಸಲು ಬಾ ಎಂದಿದ್ದರೂ ನಾನು ಕುಣಿದುಕೊಂಡು ಹೋಗುತ್ತಿದ್ದೆ. ಅತ್ತೆ ಅಲ್ಲೇ ಗೋಡೆಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದರು. ಎಲ್ಲ ಕೇಳಿಸಿಕೊಂಡರು, ಒಂದು ಮಾತೂ ಆಡಲಿಲ್ಲ. ಒಪ್ಪಿದ್ದಾರೆ ಎಂದುಕೊಂಡೆ. ಈಗ ಯೋಚಿಸಿದರೆ ಆ ಬಾಯಿ ಸುಮ್ಮನಿದ್ದದ್ದನ್ನು ನೋಡಿಯೇ ನಾನು ಹೆದರಬೇಕಿತ್ತು.

ಅಲ್ಲಿಂದ ಮುಂದೆ ಏರ್ಪಾಟು ಏರ್ಪಾಟು ಎಂದು ಮನೆಯಲ್ಲಿ ಬೇರೆ ಮಾತೇ ಇಲ್ಲ. ಹೋಗುವುದು ಹೇಗೆ ಎಂಬುದಕ್ಕೇ ಹಲವು ಸಂಜೆಗಳು ಬೇಕಾದವು. ಮಂಡ್ಯದಿಂದ ಮದ್ದೂರಿಗೆ ರೈಲು. ಮದ್ದೂರಿನಲ್ಲಿ ಇಳಿದು ಒಂದೊಂದು ವಡೆ ತಿಂದು ಕಾಫಿ ಕುಡಿಯುವಷ್ಟರಲ್ಲಿ ಸಾಯಬರು ಬಸ್ಸಿನ ಇದ್ದಿಲು ಹೊತ್ತಿಸಿಕೊಂಡು ತಯಾರಾಗಿರುತ್ತಾರೆ. ಶನಿವಾರದ ಕೊನೆಯ ಬಸ್ಸು ಅವರದೇ, ರಾತ್ರಿ ಅದು ಮಳವಳ್ಳಿಯಲ್ಲೇ ನಿಲ್ಲುತ್ತದೆ. ಭಾನುವಾರ ಅವರಿಗೆ ಬಿಡುವು. ಮಳವಳ್ಳಿಗೆ ನಮ್ಮ ಅಪ್ಪನ ಗಾಡಿ ಬರುತ್ತದೆ, ಜೀತದಾಳು ಹೊಡೆದುಕೊಂಡು ಬರುತ್ತಾನೆ. ಕುರಿಯನ್ನು ಸಾಯಬರೇ ಕುಯ್ಯುತ್ತಾರೆ, ಇಲ್ಲದಿದ್ದರೆ ಅವರು ಉಣ್ಣುವಂತಿಲ್ಲ. ಹೆಂಡ ಇಳಿಸುವವರಿಗೆ ಮುಂಚೆಯೇ ಹೇಳಿ, ತೊರೆಯ ಪಕ್ಕದ ಮರಗಳಿಗೆ ಹೊಸ ಮಡಕೆ ಕಟ್ಟಿಸಬೇಕು, ಹಳೆ ಮಡಕೆ ಹುಳಿ ಹಿಡಿದಿರುತ್ತದೆ. ತವರಿನಲ್ಲಿ ಯಾರಿಗೂ ಓದು ಬಾರದು, ಇದೆಲ್ಲವನ್ನೂ ಬಾಯಲ್ಲೇ ಹೇಳಿ ಕಳುಹಿಸಬೇಕು. ಸಾಯಬರು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರ ಕಡೆಯ ಕುರಿ ವ್ಯಾಪಾರಿಗಳನ್ನು ಹಿಡಿದು ಅವ್ವನಿಗೆ ಸುದ್ದಿ ಮುಟ್ಟಿಸುತ್ತಿದ್ದರು, ಅವ್ವನ ಉತ್ತರವನ್ನೂ ಹಾಗೆಯೇ ತರುತ್ತಿದ್ದರು.

“ನಿಮ್ಮವ್ವ ಕ್ಯೋಳವ್ರೆ ತಂಗ್ಯವ್ವ,” ಎಂದರು ಒಂದು ಸಂಜೆ ಬಾಗಿಲ ಕಡೆ ತಿರುಗಿ. “ಮಗ್ಳು ದಿಟ್ವಾಗ್ಲೂ ಬತ್ತಾಳಾ ಅಂತ.”

“ಬತ್ತಾಳೆ ಅಂತ ಯೋಳಿ ಸಾಬಣ್ಣ,” ಎಂದೆ ಒಳಗಿಂದ.

“ಯೋಳಿವ್ನಿ. ಮತ್ತೂ ಯೋಳ್ತೀನಿ.”

ಆ ದಿನಗಳಲ್ಲಿ ನನ್ನ ಮೈಯಲ್ಲಿ ಹೊಸ ಜೀವ ಬಂದಿತ್ತು. ಜಗಲಿಯವರು ನನ್ನನ್ನು ಪಂಚಾಂಗ ಮಾಡಿಕೊಂಡರು. ತೋಪಿನಲ್ಲಿ ಬೆಳಿಗ್ಗೆ ಚಳಿ ಎಷ್ಟು, ಕೂರಲು ಬಂಡೆ ಇದೆಯೇ, ತೊರೆಯಲ್ಲಿ ಈಗ ನೀರಿರುತ್ತದೆಯೇ ಎಂದು ನನ್ನ ಗಂಡ ಒಳಗೆ ಬಂದು ಕೇಳುವುದು, ಹೊರಗೆ ಹೋಗಿ ತಮಗೇ ಗೊತ್ತಿದ್ದ ಹಾಗೆ ಹೇಳುವುದು. ನಾನು ಹೇಳಿದೆ, ಎಲ್ಲವನ್ನೂ ಹೇಳಿದೆ. ಮಸಾಲೆ ಹುರಿದು ಕುಟ್ಟಿದೆ. ಚಕ್ಕುಲಿ, ಕೋಡುಬಳೆ ಮಾಡಿದೆ. ಯುದ್ಧದ ಕಾಲದಲ್ಲಿ ಎಣ್ಣೆ ಹೊಂದಿಸುವುದು ಎಂದರೆ ಏನು ಎಂದು ಆಗ ಸಂಸಾರ ಮಾಡಿದವರಿಗೆ ಗೊತ್ತು. ಮದುವೆಯ ಸೀರೆಯನ್ನು ಗಾಳಿಗೆ ಹರವಿ ಮಡಚಿಟ್ಟೆ. ಅವ್ವನಿಗೆ ಯಾವುದನ್ನು ಮೊದಲು ಹೇಳುವುದು, ಹೇಗೆ ಹೇಳುವುದು ಎಂದು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತ ನನ್ನಷ್ಟಕ್ಕೆ ನಾನೇ ಮಾತಾಡಿಕೊಂಡೆ. ಹಸುಗಳಿಗೆ ಎಲ್ಲ ಗೊತ್ತಾಯಿತು.

ಶನಿವಾರ ಬಂತು. ಮಧ್ಯಾಹ್ನ ನನ್ನ ಗಂಡ ಕಾರ್ಖಾನೆಯಿಂದ ಬಂದು ಕೋಟು ಬದಲಾಯಿಸಿದರು. ಮೇಷ್ಟ್ರು ಅಂದು ಖಾದಿ ಬಿಟ್ಟು ಮಿಲ್ಲಿನ ಮಲ್ಲು ಬಟ್ಟೆಯ ಅಂಗಿ ತೊಟ್ಟು ಬಂದಿದ್ದರು. ಇನ್ನೊಬ್ಬ ಗುಮಾಸ್ತರು ಸ್ಟೇಷನ್ನಿಗೆ ಹೋಗಲು ಜಟಕಾ ತಂದು ಬಾಗಿಲಿಗೆ ನಿಲ್ಲಿಸಿದ್ದರು. ನಾನು ಸೀರೆ ಉಟ್ಟು, ಹೂವು ಮುಡಿದು, ತಿಂಡಿಯ ಗಂಟನ್ನೂ ನನ್ನ ಗಂಟನ್ನೂ ಹಿಡಿದು ನಡುಮನೆಗೆ ಬಂದೆ. ಅತ್ತೆಯ ಕಾಲಿಗೆ ಬಿದ್ದು ಎದ್ದೆ.

“ಎಲ್ಲಿಗೆ?” ಎಂದರು ಅತ್ತೆ.

“ಊರ್ಗೆ ಅತ್ತೆಮ್ಮ. ಅವ್ರ ಜೊತೇಲಿ.”

“ಯಾರ್ ಬಂದವ್ರೆ ನಿನ್ನ ಕರ್ಯಾಕೆ?”

ಅತ್ತೆ ಗಟ್ಟಿಯಾಗಿಯೇನೂ ಮಾತಾಡಲಿಲ್ಲ. ಅವರ ಜೋರು ಇದ್ದದ್ದು ದನಿಯಲ್ಲಲ್ಲ. “ಕುರೀಗ್ ಯೋಳ್ಕಳಿಸುದ್ರಿ. ಎಂಡಕ್ ಯೋಳ್ಕಳಿಸುದ್ರಿ. ಗಾಡೀಗ್ ಯೋಳ್ಕಳಿಸುದ್ರಿ. ನಮ್ ಮಗ್ಳುನ್ನ ಕಳ್ಸಿ ಅಂತ ಒಬ್ರಾದ್ರೂ ಈ ವಸ್ಲಿಗೆ ಬಂದು ಕ್ಯೋಳುದ್ರಾ? ಕೂಲಿಯೋಳಂಗೆ ಗಂಡುಸ್ರ ಇಂದೆ ಗಂಟೊತ್ಕಂಡು ಓದ್ರೆ ನೋಡ್ದೋರು ಏನಂತಾರೆ? ಓಡುಸ್ಬುಟ್ರು ಅಂತಾರೆ. ನಮ್ಮ ಮನೆ ಮರ್ಯಾದೆ ಏನಾಗ್ಬೇಕು?”

ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು. ಅಷ್ಟು ಸಂಜೆಗಳು, ಅಷ್ಟು ಮಾತು, ಬಿಸಿಲು ಬೀಳುವ ಮುಂಚೆ ಮಡಕೆ ಇಳಿಸುವುದರವರೆಗೆ ಎಲ್ಲ ಯೋಚಿಸಿದ್ದರು. ಇದೊಂದನ್ನು ಯಾರೂ ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ. ಅಳಿಯನೇ ಕರೆದುಕೊಂಡು ಬರುವಾಗ ಬೇರೆ ಯಾರು ಕರೆಯಬೇಕು ಎಂದು ಅವ್ವನೂ ಅಂದುಕೊಂಡಿದ್ದಳು. ಯೋಚಿಸಿದ್ದವರು ಅತ್ತೆ ಒಬ್ಬರೇ. ನಾನು ಚಕ್ಕುಲಿ ಒತ್ತುವಾಗ, ಸೀರೆ ಹರವುವಾಗ, ದಿನವೂ ನೋಡುತ್ತ ಎಲೆ ಅಡಿಕೆ ಜಗಿದವರು.

“ಅವ್ವ ಯೋಳೋದೂ ದಿಟವೇ ಕಣೆ,” ಎಂದರು ನನ್ನ ಗಂಡ, ನನ್ನ ಮುಖ ನೋಡದೆ. “ಮುಂದ್ಲ ಸಲ ನೋಡನ. ನಿಮ್ಮ ಚಿಕ್ಕಪ್ಪಂಗೆ ನಾನೇ ಯೋಳಿ ಕರ್ಸ್ತೀನಿ.”

ಜಟಕಾದಿಂದ ಮೇಷ್ಟ್ರು ಕೂಗಿದರು, “ರೈಲ್ಗೆ ಒತ್ತಾಯ್ತು ಕಣಯ್ಯ.” ತಿಂಡಿಯ ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡು ಅವರು ಹೋದರು. ನನ್ನ ಗಂಟು ನನ್ನ ಕೈಯಲ್ಲೇ ಉಳಿಯಿತು. ಅತ್ತೆ ಎದ್ದು ಹಿತ್ತಿಲಿಗೆ ಹೋಗುತ್ತ, ಸೀರೆ ಬಿಚ್ಚಿಡು, ಕೊಳೆಯಾಗುತ್ತದೆ ಎಂದರು.

ಆ ಭಾನುವಾರ ನಾನು ಏನು ಮಾಡಿದೆ ಎಂದರೆ, ಎಲ್ಲ ಭಾನುವಾರ ಮಾಡುವುದನ್ನೇ ಮಾಡಿದೆ. ಆದರೆ ಪ್ರತಿ ಕೆಲಸದ ನಡುವೆಯೂ ನನ್ನ ತಲೆ ಅಲ್ಲಿತ್ತು. ಈಗ ಇಳಿಸುತ್ತಿರಬೇಕು. ಈಗ ಕುರಿ ಕುಯ್ದಿರಬೇಕು. ಈಗ ಅವ್ವ ಒಬ್ಬಳೇ ಅಷ್ಟು ಜನಕ್ಕೆ ಮುದ್ದೆ ತಿರುವುತ್ತಿರಬೇಕು, ಅವಳ ಬಲಗೈಗೆ ಮೊದಲಿಂದಲೂ ಬಲವಿಲ್ಲ. ಸೊಂಟ ಮುರಿದ ಅಪ್ಪ ಒಳಗಿನಿಂದ ಒಬ್ಬೊಬ್ಬರನ್ನೇ ಉಂಡಿರಾ ಎಂದು ಕೇಳುತ್ತಿರಬೇಕು. ಇದು ಗೊತ್ತಿರುವುದೇ ದೊಡ್ಡ ಹಿಂಸೆ. ಗೊತ್ತಿಲ್ಲದ ಊರಿಗೆ ಹೋಗಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಿರುತ್ತಿದ್ದೆ.

ಅವರು ಭಾನುವಾರ ದೀಪ ಹಚ್ಚಿದ ಮೇಲೆ ಬಂದರು. ಮುಖಗಳು ಊದಿಕೊಂಡಿದ್ದವು, ಸಂತೋಷ ಇನ್ನೂ ಇಳಿದಿರಲಿಲ್ಲ. ಜಗಲಿಯ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ಮತ್ತೊಮ್ಮೆ ಹೇಳಿಕೊಂಡರು. ಆ ಹೆಂಡದ ಸೀ, ಆ ಬಾಡಿನ ಎಳಸು, ಆ ತೋಪಿನ ತಣ್ಣನೆಯ ನೆರಳು, ತೊರೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಂಥ ಜಾಗದಲ್ಲಿ ಹುಟ್ಟಿದವರು ಪುಣ್ಯವಂತರು ಎಂದರು ಮೇಷ್ಟ್ರು. ಒಳಗೆ ಆ ಪುಣ್ಯವಂತೆ ಅವರಿಗೆ ಮಜ್ಜಿಗೆ ಕಡೆಯುತ್ತಿದ್ದಳು.

ನನ್ನ ಗಂಡ ಒಳಗೆ ಬಂದಾಗ ಅವರ ಕೈ ನೋಡಿದೆ. ಖಾಲಿ ಇತ್ತು. ಕೋಟು ತೂಗುಹಾಕಿದರು, ಚೀಲ ಕೆಳಗಿಟ್ಟರು. ಚೀಲದಲ್ಲಿ ಅವರದೇ ಪಂಚೆ, ಟವಲು. ಮದುವೆಯಾದ ಮೇಲೆ ನಮ್ಮೂರ ಕಡೆಯಿಂದ ಯಾರೇ ಈ ಕಡೆ ಬಂದರೂ ಅವ್ವ ಏನಾದರೂ ಕಳುಹಿಸುತ್ತಿದ್ದಳು. ಹಿಡಿ ಅವರೆಕಾಳು, ಬೆಲ್ಲದ ಚೂರು, ಏನೂ ಇಲ್ಲದಿದ್ದರೆ ಹಿತ್ತಿಲ ಕನಕಾಂಬರ ಬಾಳೆಯೆಲೆಯಲ್ಲಿ ಸುತ್ತಿ. ಈ ಸಲ ಏನೂ ಇರಲಿಲ್ಲ.

“ಅವ್ವ ಏನಂದ್ಲು?” ಎಂದು ಕೇಳಿದೆ.

“ಏನಂತಾರೆ, ಚೆನ್ನಾಗವ್ರೆ,” ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ನಡೆದದ್ದು ನನಗೆ ಗೊತ್ತಾದದ್ದು ಸಾಯಬರಿಂದ. ಆಮೇಲೆ ಒಂದು ದಿನ ನನ್ನ ಗಂಡ ಕೆಲಸಕ್ಕೂ ಅತ್ತೆ ಗದ್ದೆಗೂ ಹೋಗಿದ್ದಾಗ, ತಿಂಡಿಯ ಗಂಟಿನಲ್ಲಿದ್ದ ನಮ್ಮ ಡಬ್ಬಿ ಬಸ್ಸಿನಲ್ಲೇ ಉಳಿದಿತ್ತೆಂದು ಕೊಡಲು ಬಂದರು. ಡಬ್ಬಿ ಜಗಲಿಯ ಮೇಲಿಟ್ಟು ಹೋಗದೆ ಬೀದಿಯಲ್ಲೇ ನಿಂತರು.

“ತಂಗ್ಯವ್ವ, ಒಂದ್ ಮಾತು. ನನ್ ಒಟ್ಟೆಲಿ ಇಟ್ಕಳಾಕ್ ಆಯ್ತಾ ಇಲ್ಲ.”

“ಯೋಳಿ ಸಾಬಣ್ಣ.”

“ಗಾಡಿ ಅಟ್ಟಿ ಮುಂದೆ ನಿಲ್ತು. ನಿಮ್ಮವ್ವ ಚೊಂಬಲ್ ನೀರ್ ಇಡ್ಕಂಡು ನಿಂತಿದ್ರು. ನಾವೆಲ್ಲ ಇಳುದ್ವಿ. ಅವ್ರು ಗಾಡಿ ಒಳೀಕ್ ಬಗ್ಗಿ ನೋಡುದ್ರು. ನಿಮ್ಗೆ ಅಂತ ಉಲ್ ಹಾಸಿ ಕಂಬ್ಳಿ ಹಾಸಿ ಕಳ್ಸಿದ್ರು ಕಣವ್ವ, ಅದ್ರ ಮೇಲೆ ಮೇಷ್ಟ್ರು ಕುಂತ್ಕಂಡ್ ಬಂದ್ರು. ಎಲ್ಲಿ ನನ್ ಮಗ್ಳು ಅಂದ್ರು. ನಿಮ್ಮ ಯಜಮಾನ್ರು, ಅವಳ್ಗೆ ಬರಾಕೆ ಮನಸ್ಸಿಲ್ಲ ಅತ್ತೆ, ಬಾ ಅಂದೆ, ನೀವೇ ಓಗ್ಬನ್ನಿ ಅಂದ್ಲು ಅಂದ್ರು.”

“ಆಮ್ಯಾಕೆ?” ಎಂದು ಕೇಳಿದೆ.

“ಆಮ್ಯಾಕೆ ನಿಮ್ಮವ್ವ ಒಂದ್ ಮಾತೂ ಆಡ್ಲಿಲ್ಲ. ಚೆನ್ನಾಗ್ ಇಕ್ಕುದ್ರು, ಚೆನ್ನಾಗ್ ನೋಡ್ಕಂಡ್ರು. ಬರೋವಾಗ ನಾನು, ಮಗ್ಳಿಗೆ ಏನಾರ ಯೋಳ್ತೀರಾ ತಾಯಿ ಅಂದೆ. ಪ್ಯಾಟೆ ಕಡೆಯೋರಿಗೆ ನಮ್ದೇನದೆ ಸಾಬಣ್ಣ ಅಂದ್ರು.”

ಸಂಜೆ ನನ್ನ ಗಂಡ ಬಂದ ಕೂಡಲೇ ಕೇಳಿದೆ, ಜಗಲಿಯಲ್ಲಿ ಯಾರಿದ್ದಾರೆ ಎಂದೂ ನೋಡಲಿಲ್ಲ. ಹಾಗೆ ಹೇಳಿದ್ದು ಯಾಕೆ ಎಂದು ಕೇಳಿದೆ. ಅವರು ಮೊದಲು ಸಿಟ್ಟಾದರು, ಆಮೇಲೆ ದನಿ ಇಳಿಸಿದರು.

“ಇನ್ನೇನಂತ ಯೋಳ್ಲಿ? ನಿಮ್ಮಪ್ಪ ಏಳಾಕಾಗ್ದೆ ಮನಗವ್ರೆ. ಕರ್ಯಾಕೆ ನಿಮ್ಮ ಕಡೆಯೋರು ಬರ್ಲಿಲ್ಲ, ಅದ್ಕೆ ನಮ್ಮವ್ವ ಕಳಿಸ್ಲಿಲ್ಲ ಅಂತ ಅವ್ರ ಮುಖದ್ ಮುಂದೆ ಯೋಳ್ಲಾ? ಅವ್ರಿಗೆ ಎಷ್ಟು ನೋವಾಗಕಿಲ್ಲ?”

ಅವರು ಹೇಳಿದ್ದು ಸುಳ್ಳಿಗೆ ಕಟ್ಟಿದ ನೆಪ ಅಲ್ಲ ಎಂದು ನನಗೆ ಗೊತ್ತು. ಅವರು ಕೆಟ್ಟವರಲ್ಲ. ಒಂದೂರಿನಲ್ಲಿ ತಾಯಿಯ ಮಾತು ಮುರಿಯಲಿಲ್ಲ, ಇನ್ನೊಂದೂರಿನಲ್ಲಿ ಮಾವನ ಮನಸ್ಸು ಮುರಿಯಲಿಲ್ಲ. ಎರಡು ಕಡೆಯ ಮರ್ಯಾದೆಯನ್ನೂ ಕಾಪಾಡಿ ಬಂದರು. ಮಧ್ಯದಲ್ಲಿ ಬಲಿ ಬಿದ್ದದ್ದು ನಾನು ಎಂಬುದು ಅವರ ಕಣ್ಣಿಗೆ ಬೀಳಲೇ ಇಲ್ಲ. ಅವರ ಮೇಲೆ ಅಂದು ಹುಟ್ಟಿದ ಕಹಿ ಮುಂದೆ ಅವರ ಜೊತೆ ಇಷ್ಟು ವರ್ಷ ಬಾಳಿ, ಮಕ್ಕಳನ್ನು ಹೆತ್ತು, ಗಂಡನನ್ನು ಮಣ್ಣಿಗೆ ಕಳುಹಿಸಿದ ಮೇಲೂ ಪೂರ್ತಿ ಹೋಗಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಸಾಯಬರ ಕೈಯಲ್ಲಿ ಅವ್ವನಿಗೆ ಹೇಳಿ ಕಳುಹಿಸಿದೆ, ನಡೆದದ್ದು ಹೀಗಲ್ಲ ಎಂದು. ಬಸ್ ಸ್ಟ್ಯಾಂಡಿನಲ್ಲಿ ಕುರಿ ವ್ಯಾಪಾರಿಯ ಕಿವಿಗೆ ಹಾಕುವಂಥ ಮಾತೇ ಅದು? ಅವನು ಏನು ಹೇಳಿದನೋ, ಅವ್ವ ಏನು ಕೇಳಿಸಿಕೊಂಡಳೋ. ಉತ್ತರ ಬರಲಿಲ್ಲ. ಚಿಕ್ಕಪ್ಪನಿಗೆ ಹೇಳಿ ಕರೆಸುತ್ತೇನೆ ಎಂದ ಮಾತನ್ನು ನನ್ನ ಗಂಡ ಮರೆತರು. ಜಗಲಿಯಲ್ಲಿ ಮತ್ತೆ ಯುದ್ಧ ಶುರುವಾಯಿತು.

ಮುಂಗಾರು ಹಿಡಿಯುವ ಹೊತ್ತಿಗೆ ಅಪ್ಪ ಸತ್ತ. ಸುದ್ದಿ ತಂದವನು ಹೊಸ್ತಿಲು ಕೂಡ ದಾಟಲಿಲ್ಲ, ಬೀದಿಯಲ್ಲೇ ನಿಂತು ಹೇಳಿ ಹೊರಟುಹೋದ. ಅತ್ತೆಯೇ ನನ್ನ ಸೀರೆ ತೆಗೆದುಕೊಟ್ಟು, ಬೇಗ ಹೊರಡು ಎಂದರು. ಸಾವಿಗೆ ಹೋಗಲು ಯಾರೂ ಬಂದು ಕರೆಯಬೇಕಾಗಿಲ್ಲ, ಅದಕ್ಕೆ ಪದ್ಧತಿಯ ಅಡ್ಡಿಯಿಲ್ಲ. ಮಂಚದ ಮೇಲಿದ್ದಾಗ ನನ್ನನ್ನು ಕರೆಸಿಕೊಳ್ಳಲಾರದ ಅಪ್ಪ ಸತ್ತು ಕರೆಸಿಕೊಂಡ.

ಅವ್ವ ನನ್ನನ್ನು ತಬ್ಬಿಕೊಂಡು ಅತ್ತಳು. ಎಲ್ಲರನ್ನೂ ತಬ್ಬಿಕೊಂಡು ಅತ್ತ ಹಾಗೆಯೇ ಅತ್ತಳು. ತಿಥಿ ಮುಗಿಯುವವರೆಗೂ ನನಗೆ ಒಂದು ಕೆಲಸ ಹೇಳಲಿಲ್ಲ. ಬೇರೆ ನೆಂಟರ ಹುಡುಗಿಯರಿಗೆ ಅದು ಮಾಡೆ ಇದು ಮಾಡೆ ಎಂದು ಕೂಗುತ್ತಿದ್ದವಳು ನಾನು ಮೊರ ಹಿಡಿದರೆ ಕೈಯಿಂದ ತೆಗೆದುಕೊಂಡು, ನೀನು ಕುಂತ್ಕೊ ಎಂದು ಚಾಪೆ ಹಾಸಿದಳು. ನಾನು ಹುಟ್ಟಿದ ಮನೆಯಲ್ಲಿ ನನಗೆ ಚಾಪೆ ಹಾಸಿದಳು.

ನೆಂಟರೆಲ್ಲ ಹೋದ ಮೇಲೆ ಹಿತ್ತಿಲಲ್ಲಿ ಅವಳು ಬಿತ್ತನೆಗೆಂದು ಒಣಗಿಸಿಟ್ಟಿದ್ದ ಅವರೆ ಬಿಡಿಸುತ್ತ ಕೂತಿದ್ದಾಗ ಪಕ್ಕದಲ್ಲಿ ಹೋಗಿ ಕೂತೆ. ಮುಂದೆ ತೋಪು. ಹೆಂಡ ಇಳಿಸುವ ಕಾಲ ಮುಗಿದು ಮರಗಳಲ್ಲಿ ಮಡಕೆ ಇರಲಿಲ್ಲ.

“ಅವ್ವ, ಆವತ್ತು ನಾನು ಬರಕಿಲ್ಲ ಅಂದಿರ್ಲಿಲ್ಲ,” ಎಂದೆ. “ಸೀರೆ ಉಟ್ಕಂಡು ನಿಂತಿದ್ದೆ. ಕರ್ಯಾಕೆ ಯಾರೂ ಬಂದಿಲ್ಲ ಅಂತ ನಮ್ಮತ್ತೆ...”

“ಸುಮ್ಕಿರು,” ಎಂದಳು ಅವ್ವ.

“ಇಲ್ಲ ಕಣವ್ವ, ಕೇಳು ನೀನು.”

ಅವಳು ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟಳು. ನನ್ನ ಕಡೆ ತಿರುಗಲಿಲ್ಲ, ತೋಪಿನ ಕಡೆ ನೋಡುತ್ತಲೇ ಹೇಳಿದಳು.

“ನಂಗೊತ್ತಿಲ್ವಾ? ನೀನು ಬರಕಿಲ್ಲ ಅನ್ನೋಳಾ? ನಾನು ಎತ್ತಿಲ್ವಾ ನಿನ್ನ? ಆದ್ರೂ ಇಷ್ಟು ದಿನ ನಿನ್ನೇ ಬೈಕಂಡು ಬೈಕಂಡು ಇವ್ನಿ. ಪ್ಯಾಟೆ ಸೇರ್ಕಂಡು ಕೊಬ್ಬು ಬಂದದೆ ಇವಳ್ಗೆ, ಚೆನ್ನಾಗವ್ಳೆ, ನಮ್ಮ ನೆಪ್ಪಿಲ್ಲ ಅಂತ ಬೈಕಂಡ್ರೆ ರಾತ್ರಿ ನಿದ್ದೆ ಬತ್ತದೆ ಮಗ. ಬರಾಕೆ ಸೀರೆ ಉಟ್ಕಂಡು ನಿಂತಿದ್ದೆ, ಬುಡ್ಲಿಲ್ಲ, ಅತ್ಕಂಡ್ ಕುಂತಿದ್ದೆ ಅಂತ ನೀನೇ ಬಾಯ್ಬುಟ್ಟು ಯೋಳ್ಬುಟ್ರೆ ನಾನೇನ್ ಮಾಡ್ಲಿ? ಯಾರ್ನ ಕಳಿಸ್ಲಿ ನಿನ್ನ ಕರ್ಕಂಡ್ ಬರಾಕೆ? ಇದ್ದ ಒಬ್ಬ ಗಂಡ್ಸೂ ಓದ.”

ಅವಳು ಬಲಗೈಯನ್ನು ಎಡಗೈಯಲ್ಲಿ ಅದುಮಿ ಹಿಡಿದುಕೊಂಡಳು. ನಾಲ್ಕು ತಿಂಗಳಲ್ಲಿ ಹೋದದ್ದು, ಕೊಟ್ಟಿಗೆಯಲ್ಲಿ ಅಷ್ಟು ಸಲ ಹಸುಗಳ ಮುಂದೆ ಹೇಳಿ ಅಭ್ಯಾಸ ಮಾಡಿಕೊಂಡದ್ದು, ನನ್ನ ಬಾಯಿಯ ತನಕ ಬಂದಿತ್ತು. ಅದನ್ನು ಹೇಳಿದರೆ ಇವಳು ಇನ್ನೆಷ್ಟು ರಾತ್ರಿ ಎದ್ದು ಕೂರಬೇಕೋ ಎಂದು ನುಂಗಿಕೊಂಡೆ. ಆಮೇಲೆ ಯಾವತ್ತೂ ಅದನ್ನು ಅವಳಿಗೆ ಹೇಳಲಿಲ್ಲ.

“ಇಲ್ಲ ಬುಡವ್ವ,” ಎಂದೆ. “ನಾನೇ ಬರಕಿಲ್ಲ ಅಂದೆ. ಚಳೀಲಿ ಅಷ್ಟು ದೂರ ಯಾರ್ ಓದಾರು ಅಂತ ಬೇಜಾರಾಯ್ತು.”

“ಮತ್ತೆ ಅಂಗಂತ ಮೊದ್ಲೇ ಬೊಗಳೋಕೆ ಏನಾಗಿತ್ತು ನಿಂಗೆ,” ಎಂದು ಅವ್ವ ನನ್ನ ಬೆನ್ನಿಗೊಂದು ಗುದ್ದಿದಳು. ಮೊರವನ್ನು ನನ್ನ ಮಡಿಲಿಗೆ ತಳ್ಳಿ, ಬಿಡಿಸು ಎಂದಳು. ಕತ್ತಲಾಗುವವರೆಗೂ ನನ್ನ ಕೊಬ್ಬು, ನನ್ನ ಸೋಮಾರಿತನ, ನನ್ನ ಪೇಟೆಯ ಒನಪು ಎಲ್ಲವನ್ನೂ ಎತ್ತಿ ಎತ್ತಿ ಬೈದಳು. ನಾನು ತಲೆ ತಗ್ಗಿಸಿ ಹೂಂ ಹೂಂ ಎನ್ನುತ್ತ ಅವರೆ ಬಿಡಿಸಿದೆ.